ಹೊರಸಾಲಿನ ನಟ್ಟುಗಳು

ಎಂಜಿನ್ನಿನ ಮುಚ್ಚಳ ಎತ್ತಿಸಲಿಲ್ಲ, ಒಳಗೆ ಹತ್ತಿ ಸ್ಟೀರಿಂಗ್ ಹಿಡಿದು ನೋಡಲಿಲ್ಲ, ಬಂದವನೇ ಪ್ಯಾಂಟಿನ ಮಂಡಿಯನ್ನು ಚೂರು ಮೇಲಕ್ಕೆಳೆದುಕೊಂಡು ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತೇಬಿಟ್ಟನಲ್ಲ ಈ ಟೋಪಿಯ ಗಿರಾಕಿ — ಬಣ್ಣದ ಮೇಸ್ತ್ರಿ ಗ್ಯಾರೇಜಿನ ಕಿಟಕಿಯ ಹಿಂದೆ ನಿಂತ, ಗಾಜಿಗೆ ಅಂಟಿದ ಜಿಡ್ಡಿನ ಮರೆಯಲ್ಲಿ ಟೋಪಿ ಮಾತ್ರ ಕಾಣುತ್ತದೆ, ಕೈ ಕಾಣುವುದಿಲ್ಲ, ಕೈ ಏನು ಮಾಡುತ್ತಿದೆ, ಹಳೆಯ ಮಿಲಿಟರಿ ಲಾರಿ ಕೊಳ್ಳಲು ಬಂದವನಿಗೆ ಚಕ್ರದೊಡನೆ ಇಷ್ಟು ಹೊತ್ತು ಏನು ಗುಟ್ಟಿನ ಮಾತು, ಎದ್ದ, ಕೈ ಕೊಡವಿಕೊಂಡ, ಪಕ್ಕದಲ್ಲಿ ನಿಂತಿದ್ದ ಅಣ್ಣನ ಮಗಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ, ಅವಳು ನಕ್ಕಳು, ನಕ್ಕು ಕಿಟಕಿಯತ್ತ ನೋಡಿದಳು, ಕಿಟಕಿಯತ್ತ ಯಾಕೆ ನೋಡಬೇಕು. ಇದಕ್ಕೆ ಬಣ್ಣ ಹೊಡೆದವರು ಯಾರಮ್ಮ, ಇಷ್ಟು ವರ್ಷವಾದರೂ ಒಂದು ಕಡೆಯೂ ಎದ್ದಿಲ್ಲವಲ್ಲ, ನಮ್ಮ ಚಿಕ್ಕಪ್ಪ ಸಾರ್, ಅವರ ಕೈಯಲ್ಲಿ ಹೊಡೆಸಿಕೊಂಡ ಲಾರಿ ಮಳೆಗೂ ಹೆದರುವುದಿಲ್ಲ, ಓಹೋ ಹಾಗೋ, ನೋಡಬೇಕು ಅವರನ್ನು. ನೋಡಬೇಕಂತೆ. ಹೊಗಳಿಕೆಯೋ, ಬೆಣ್ಣೆ ಹಚ್ಚಿ ಬಾಯಿ ಬಿಡಿಸುವ ಉಪಾಯವೋ, ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನಂತೆ, ಅಂಥವನಿಗೆ ಚಕ್ರ ನೋಡಿದ ಕೂಡಲೇ ಏನು ಇರಬೇಕಿತ್ತು, ಏನು ಇಲ್ಲ ಎಂಬುದು ತಿಳಿಯದೆ ಇರುತ್ತದೆಯೇ — ಮೇಸ್ತ್ರಿ ಬಾಗಿಲು ತೆಗೆದು ಅಂಗಳಕ್ಕೆ ಬಂದ, ನಮಸ್ಕಾರಕ್ಕೆ ನಮಸ್ಕಾರ ಕೊಟ್ಟ, ಮಾರುವುದಿಲ್ಲ ಎಂದ. ನಾನಿನ್ನೂ ಮಾತೇ ಎತ್ತಿಲ್ಲವಲ್ಲ ಯಜಮಾನ್ರೇ. ಎತ್ತುವುದು ಬೇಡ. ಟೋಪಿಯವನು ಅವಳ ಮುಖ ನೋಡಿದ, ಅವಳು ಆಕಾಶ ನೋಡಿದಳು, ಅವನು ಹೊರಡುವಾಗ ಇನ್ನೊಂದು ಸಲ ತಿರುಗಿ ನೋಡಿದ್ದು ಲಾರಿಯನ್ನಲ್ಲ, ಚಕ್ರವನ್ನು.

ಚಿಕ್ಕಪ್ಪ, ನಿಮಗೆ ಯಾರ ಮೇಲೆ ತಾನೇ ನಂಬಿಕೆ ಇದೆ, ಹಾಲಿನವನ ಅಳತೆ ಪಾತ್ರೆಯ ತಳ ಕುಟ್ಟಿ ನೋಡಿದವರು ನೀವು. ಕುಟ್ಟಿ ನೋಡಿದ್ದಕ್ಕೇ ತಳ ಉಬ್ಬಿರುವುದು ಗೊತ್ತಾದದ್ದು. ಅಯ್ಯೋ, ಅದನ್ನು ಉಬ್ಬಿಸಿದ್ದೇ ನಿಮ್ಮ ಕುಟ್ಟಾಟ, ಎಂದು ನಗುತ್ತ ಒಳಗೆ ಹೋದಳು, ಅವಳ ನಗುವಿನಲ್ಲಿ ಅಣ್ಣನ ನಗುವಿದೆ, ಇನ್ನೇನಿದೆಯೋ ಯಾರು ಬಲ್ಲರು. ಬಸ್ಸುಗಳ ರಿಪೇರಿ ಶುರುಮಾಡುತ್ತಾಳಂತೆ, ಶೆಡ್ಡು ಬೇಕಂತೆ, ಲಾರಿ ಈ ವಾರ ಶೆಡ್ಡು ಬಿಡಬೇಕು, ಅದಕ್ಕೇ ನಾಲ್ಕು ದಿನದ ಹಿಂದೆ ಟಾರ್ಪಾಲಿನ್ ಎಳೆದುಹಾಕಿ, ಸತ್ತು ಮಲಗಿದ್ದ ಟೈರುಗಳಿಗೆಲ್ಲ ಗಾಳಿ ತುಂಬಿ, ಐದು ಜನ ಸೇರಿ ಅಂಗಳಕ್ಕೆ ತಳ್ಳಿದ್ದು. ಹೊಸದರಂತೆ ಮಾಡೋಣ ಚಿಕ್ಕಪ್ಪ, ಬಣ್ಣವೆಲ್ಲ ಕೆರೆದು ತಗಡು ಕಾಣಿಸಿ ಮತ್ತೆ ಮೊದಲಿನಿಂದ ಹೊಡೆಯೋಣ, ನೀವೇ ಹೊಡೆಯಿರಿ, ಎಂದು ಅಂದೇ ಅವಳು ಅಂದಳು. ಕೆರೆದು — ಆ ಮಾತು ಇವಳಿಗೆ ಹೇಗೆ ಹೊಳೆಯಿತು, ಬಣ್ಣ ಕೆರೆಯುವುದೆಂದರೆ ಒಂದೊಂದೇ ಪದರವನ್ನು ಮಾತಾಡಿಸುವುದು, ಮೇಲಿನದು ಹೋಗಲಿ ಕೆಳಗಿನದು ಬರಲಿ ಎನ್ನುವುದು. ಮಾರಿದರೂ ಕೊಂಡವನು ಕೆರೆಯುತ್ತಾನೆ. ಕಳಚಿ ಗುಜರಿಗೆ ಹಾಕಿದರೆ ಮಾತ್ರ, ತಗಡು ಕೊಯ್ಯುವ ಗ್ಯಾಸಿನ ಉರಿ ತಾಗಿದ ಕಡೆ ಮೇಲಿನ ಬಣ್ಣ ಕೆಳಗಿನ ಬಣ್ಣ ಎಂದಿಲ್ಲ, ಎಲ್ಲ ಒಂದೇ ಕರಿ. ಆದ್ದರಿಂದ ಗುಜರಿಯವನಿಗೆ ಹೇಳಿಕಳಿಸಿದ್ದಾಯಿತು. ಅಣ್ಣನನ್ನು ಕೇಳಲಿಲ್ಲವೇ ಎಂದರೆ ಕೇಳಿದೆ, ಎಲ್ಲರೆದುರಿಗೇ ಕೇಳಿದೆ, ಊರಿಗೆಲ್ಲ ದೊಡ್ಡಮೇಸ್ತ್ರಿಯಾದ ಅಣ್ಣ ಎಡಗೈಯಲ್ಲಿ ಅನ್ನ ಕಲಸುತ್ತ ತಲೆಯೆತ್ತದೆ, ನಿನಗೆ ತೋಚಿದ್ದು ಮಾಡೋ, ಎಂಜಿನ್ ನನ್ನದು, ಬಣ್ಣ ನಿನ್ನದು, ಎಂಜಿನ್ ಎಂದೋ ಹೋಯಿತು, ಉಳಿದಿರುವುದು ನಿನ್ನ ಬಣ್ಣ ಒಂದೇ ಅಲ್ಲವೇ, ಎಂದ. ಏನರ್ಥ. ಅತ್ತಿಗೆ ಮಜ್ಜಿಗೆ ಬಡಿಸುವ ಕೈಯನ್ನು ಅರೆಗಳಿಗೆ ನಿಲ್ಲಿಸಿದಳು, ಅವಳು ನಿಲ್ಲಿಸಿದ್ದೇಕೆ, ಅಥವಾ ನಿಲ್ಲಿಸಲೇ ಇಲ್ಲವೋ, ಸೌಟಿನಿಂದ ತೊಟ್ಟಿಕ್ಕುವುದು ನಿಲ್ಲಲಿ ಎಂದು ಕಾದಳೋ. ಹತ್ತೊಂಬತ್ತು ವರ್ಷ ಒಂದೇ ಸಾಲಿನಲ್ಲಿ ಕೂತು ಉಂಡ ಅಣ್ಣನ ಮಾತಿನ ತಳವನ್ನೂ ಕುಟ್ಟಿ ನೋಡಬೇಕಾಗಿ ಬಂದಿದೆ.

ಕೆಂಪು ಮುಟ್ಟಬೇಡಿ ಎಂದಿದ್ದ, ಹತ್ತೊಂಬತ್ತು ವರ್ಷದ ಹಿಂದೆ ಈ ಲಾರಿ ಕೊಂಡ ಮಿಲಿಟರಿ ಹರಾಜಿನ ಅಂಗಳದ ಸಿಪಾಯಿ, ಅಣ್ಣ ತಮ್ಮ ಇಬ್ಬರಿಗೂ ಹೇಳಿದ್ದ — ಈ ಲಾರಿಯ ಚಕ್ರ ನಿಮ್ಮ ಸಾದಾ ಲಾರಿಯದರಂತಲ್ಲ, ಎರಡು ತಟ್ಟೆ ಮುಖಕ್ಕೆ ಮುಖ ಕೊಟ್ಟು ಸೇರಿದಂತೆ ಎರಡು ಹೋಳು, ಒಳಸಾಲಿನ ನಟ್ಟು ಚಕ್ರವನ್ನು ಲಾರಿಗೆ ಹಿಡಿದಿರುತ್ತದೆ, ಹೊರಸಾಲಿನದು ಹೋಳನ್ನು ಹೋಳಿಗೆ ಹಿಡಿದಿರುತ್ತದೆ, ಹೊರಸಾಲಿಗೇ ಕೆಂಪು ಬಣ್ಣ, ಟೈರಿನಲ್ಲಿ ಗಾಳಿ ಇರುವಾಗ ಕೆಂಪು ಬಿಚ್ಚಿದಿರೋ, ಚಕ್ರ ಚಕ್ರವಾಗಿರುವುದಿಲ್ಲ, ನೀವು ನೀವಾಗಿರುವುದಿಲ್ಲ. ನಕ್ಕಿದ್ದೆವು. ಆಮೇಲೆ ಬಣ್ಣದ ಮೇಸ್ತ್ರಿಯ ದಿನಗಳು ಬಂದವು, ಮೂರು ದಿನ ಎಮರಿ ಕಾಗದ, ಎರಡು ದಿನ ಹಸಿರು, ಸ್ಪ್ರೇ ಗನ್ನಿನ ಕೆಳಗೆ ಆ ದೊಡ್ಡ ಮೈ ಕೆರೆಯ ನೀರಿನಂತೆ ಸಮನಾಗುತ್ತ ಬಂತು, ಒಂದು ಗೆರೆ ಇಲ್ಲ, ಒಂದು ಹನಿ ಜಾರಿಲ್ಲ, ಆ ಸಮದ ನಡುವೆ ಚಕ್ರಚಕ್ರಕ್ಕೂ ಸಿಡುಬಿನಂತೆ ಕೆಂಪು ಚುಕ್ಕೆ, ಕಣ್ಣಿಗೆ ಚುಚ್ಚುತ್ತಿತ್ತು, ಕಾಗದ ಕತ್ತರಿಸಿ ಅವನ್ನು ಮರೆಮಾಡಬೇಕಿತ್ತು, ಯಾರು ಕತ್ತರಿಸುತ್ತಾರೆ, ಒಟ್ಟಿಗೇ ಹಸಿರು ಹೊಡೆದುಬಿಡೋಣ, ಕೆಂಪನ್ನು ಆಮೇಲೆ ಕುಂಚದಲ್ಲಿ ಇಟ್ಟರಾಯಿತು. ಆಮೇಲೆ. ಬಣ್ಣ ಒಣಗಿದ ಮೇಲೆ ನೋಡಿದರೆ ಎಷ್ಟು ಚೆಂದ, ಬೀದಿಯ ಜನ ನಿಂತು ನೋಡಿದರು, ಆ ಚೆಂದಕ್ಕೆ ಮತ್ತೆ ಸಿಡುಬು ಬರೆಯಲು ಕೈ ಏಳಲಿಲ್ಲ, ನಾಳೆ ಎಂದ, ನಾಡಿದ್ದು ಎಂದ, ಎಂಟನೆಯ ದಿನ ಪಂಕ್ಚರು, ಬಣ್ಣದ ಮೇಸ್ತ್ರಿ ಒಳಗೆ ಥಿನ್ನರಿನಲ್ಲಿ ಗನ್ನು ತೊಳೆಯುತ್ತಿದ್ದ, ಅಣ್ಣ ಹೊರಗೆ ಸ್ಪ್ಯಾನರ್ ಹಿಡಿದು ಕೂತಿದ್ದ, ಹಿಂದಿನ ಜೋಡಿಚಕ್ರದಲ್ಲಿ ಒಳಗಿನದು ಇಳಿದಿತ್ತು, ಅದನ್ನು ತೆಗೆಯಲು ಮೊದಲು ಹೊರಗಿನದನ್ನು ಬಿಚ್ಚಬೇಕು, ಹೊರಗಿನದರಲ್ಲಿ ಗಾಳಿ ಗಟ್ಟಿಯಾಗಿತ್ತು, ಎಲ್ಲ ನಟ್ಟೂ ಒಂದೇ ಹಸಿರು. ಸದ್ದು ಕೇಳಿದ್ದು ಕಿವಿಗಲ್ಲ, ಎದೆಗೆ. ಓಡಿಬಂದಾಗ ಅಣ್ಣನ ಬಲಗೈ — ಬೇಡ. ಗಾಳಿ ಬಿಡುವುದನ್ನೇ ಮರೆತುಬಿಟ್ಟ ನೋಡಿ ಅಣ್ಣ, ಎಷ್ಟು ವರ್ಷದ ಕೈ, ಒಂದು ಗಳಿಗೆಯ ಮೈಮರೆವು, ಎಂದು ಆಸ್ಪತ್ರೆಯ ಬಾಗಿಲಿನಲ್ಲಿ ಮೊದಲು ಹೇಳಿದವನು ತಾನು. ಗುರುತೇನಾದರೂ ಇರಲಿಲ್ಲವೇ ಎಂದು ಅತ್ತಿಗೆ ಕೇಳಿದ್ದಕ್ಕೆ, ಯಾವ ಗುರುತು, ಅಂಥದ್ದೇನೂ ನಾನು ಕಾಣೆ ಎಂದವನೂ ತಾನು. ಅಷ್ಟೇ ಸಾಕಾಯಿತು, ಊರು ಮಿಕ್ಕಿದ್ದನ್ನು ಹೇಳಿಕೊಂಡಿತು, ದೊಡ್ಡಮೇಸ್ತ್ರಿಗೆ ಗಮನ ತಪ್ಪಿದೆಯಂತೆ, ಬ್ರೇಕು ಗೀಕು ಅವನ ಕೈಗೆ ಕೊಡಬೇಡಿ, ಎರಡನೆಯ ಕೈಯಾದರೂ ಉಳಿಯಲಿ ಪಾಪ. ಇಷ್ಟೆಲ್ಲ ಅಣ್ಣನ ಕಿವಿಗೂ ಬಿದ್ದಿತ್ತು, ಅಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಅಂದಿನಿಂದ ಬಣ್ಣದ ಮೇಸ್ತ್ರಿ ಆ ಚಕ್ರಗಳ ಮಾರು ದೂರಕ್ಕೂ ಹೋದವನಲ್ಲ, ಟಾರ್ಪಾಲಿನ್ ಹೊದಿಸಿದವನು ಯಾರೆಂದೂ ಕೇಳಲಿಲ್ಲ.

ಗ್ಯಾಸ್ ಸಿಲಿಂಡರಿನ ತಳ ಕಲ್ಲಿಗೆ ಉಜ್ಜುವ ಸದ್ದು — ಗುಜರಿಯವನು ಬಂದ, ಮಧ್ಯಾಹ್ನದ ಬಿಸಿಲನ್ನು ಬೈಯುತ್ತಲೇ ಬಂದ, ಯಜಮಾನ್ರೇ, ಮನಸ್ಸು ಬದಲಾಯಿಸಿಬಿಟ್ಟೀರಿ ಮತ್ತೆ, ಈ ಸಿಲಿಂಡರ್ ಹೊತ್ತು ನನ್ನ ಸೊಂಟ ಆಗಲೇ ಗುಜರಿ ಆಗಿದೆ. ಬದಲಾಯಿಸುವುದಿಲ್ಲ, ಶುರುಮಾಡು, ಎಂದ ಮೇಸ್ತ್ರಿ ಕಿಟಕಿಯ ಹಿಂದಿನಿಂದಲೇ, ಇವನೂ ಸುತ್ತಲೂ ಒಂದು ಸುತ್ತು ಬಂದ, ಇವನೂ ಹಿಂದಿನ ಚಕ್ರದ ಮುಂದೆ ಕೂತ, ಯಾಕೆ ಎಲ್ಲರೂ ಅಲ್ಲೇ ಕೂರುತ್ತಾರೆ, ಮೊದಲು ಕ್ಯಾಬಿನ್ನು ಕೊಯ್ಯಬಾರದೇ, ಅಲ್ಲ, ಚಕ್ರ ಮಾರಾಟವಾಗುತ್ತದೆ, ಚಕ್ರವನ್ನು ಯಾರೂ ಉರಿಗೆ ಕೊಡುವುದಿಲ್ಲ, ಬಿಚ್ಚುತ್ತಾರೆ — ಚೀಲದಿಂದ ಸ್ಪ್ಯಾನರ್ ತೆಗೆದ, ಅಂಗೈಗೆ ಉಗುಳಿಕೊಂಡ, ಟೈರಿಗೆ ಗಾಳಿ ಇದೆ, ನಾಲ್ಕು ದಿನದ ಹೊಸ ಗಾಳಿ, ಎಲ್ಲ ಹಸಿರು, ಹೇಳಬೇಕು, ಹೇಳಿದರೆ ನಿಮಗೆ ಹೇಗೆ ಗೊತ್ತು ಎಂಬ ಮಾತು ಬರುತ್ತದೆ, ಅಣ್ಣನ ಮಗಳು ಹೊಸ್ತಿಲಲ್ಲಿ ನಿಂತಿದ್ದಾಳೆ, ಹೇಳದಿದ್ದರೆ — ಏಯ್! ಕೈ ತೆಗಿಯೋ! ಹೊರಸಾಲು ಮುಟ್ಟಬೇಡ, ಅದು ಕೆಂಪು, ಅದು ಕೆಂಪು ಕಣೋ! ಕೂಗಿದ್ದು ತನ್ನ ಗಂಟಲೇ, ಅಂಗಳ ದಾಟಿದ್ದು ತನ್ನ ಕಾಲೇ, ಗುಜರಿಯವನು ಸ್ಪ್ಯಾನರನ್ನು ಎದೆಗವಚಿಕೊಂಡು, ಅಯ್ಯೋ ಜೀವ ಹೋಗುವ ಹಾಗೆ ಕೂಗ್ತೀರಲ್ಲ ಯಜಮಾನ್ರೇ, ಕೆಂಪು ಅಂತ ನನಗೆ ಕಾಣೋದಿಲ್ವೇ, ಯಾರೋ ಪುಣ್ಯಾತ್ಮರು ಒಂದೊಂದನ್ನೂ ಕೆರೆದಿಟ್ಟಿದಾರಲ್ಲ, ನಾನು ಕೈ ಹಾಕಿದ್ದೇ ಒಳಸಾಲಿಗೆ.

ಕೆರೆದಿಟ್ಟಿದ್ದಾರೆ. ಮೇಸ್ತ್ರಿ ಬಗ್ಗಿದ, ಹೊರಸಾಲಿನ ಪ್ರತಿ ನಟ್ಟಿನ ನೆತ್ತಿಯ ಮೇಲೂ ಹಸಿರು ಬಗೆದ ಒಂದೊಂದು ಗೀರು, ಗೀರಿನ ಅಡಿಯಲ್ಲಿ ಕೆಂಪು, ಟೋಪಿಯವನ ಕೆಲಸ, ಬೆಳಿಗ್ಗೆ ಕೂತಿದ್ದನಲ್ಲ — ಅಲ್ಲ, ಗೀರಿನ ಅಂಚಿಗೆ ತುಕ್ಕು ಕಟ್ಟಿದೆ, ತುಕ್ಕಿನ ಮೇಲೆ ಧೂಳು, ಇದು ಬೆಳಗಿನದಲ್ಲ, ಈ ವರ್ಷದ್ದೂ ಅಲ್ಲ, ಮುಂದಿನ ಚಕ್ರ, ಅಲ್ಲೂ ಇದೆ, ಆ ಬದಿಯದು, ಅಲ್ಲೂ, ಬಣ್ಣದ ಕೆಲಸದವನ ಕಣ್ಣು, ಗೀರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ನೋಡದೆ ಇರಲಾರದು, ಬಲಗೈಯವನು ಎಳೆದರೆ ಗೀರು ಹೀಗೆ ಮಲಗುತ್ತದೆ, ಇವು ಹಾಗೆ ಮಲಗಿಲ್ಲ, ಎದುರು ದಿಕ್ಕಿಗೆ ಮಲಗಿವೆ, ಎಲ್ಲವೂ, ನಡುಗಿ, ಜಾರಿ, ಮತ್ತೆ ಎಳೆದು — ಕಲಿಯದ ಕೈ, ಆಗತಾನೇ ಕೆಲಸ ಕಲಿಯುತ್ತಿದ್ದ ಎಡಗೈ. ಚಿಕ್ಕಪ್ಪ, ಗುರುತೇ ಇರಲಿಲ್ಲ ಅಂದಿದ್ದಿರಿ, ಅದು ಕೆಂಪು ಅಂತ ನಿಮಗೆ ಹೇಗೆ ಗೊತ್ತಿತ್ತು, ಅಣ್ಣನ ಮಗಳು, ಹತ್ತಿರದಲ್ಲೇ, ನಗದೆ. ಸಿಲಿಂಡರ್ ತೆಗೆದುಕೊಂಡು ಹೋಗಪ್ಪ, ಕೊಯ್ಯುವುದು ಬೇಡ, ಎಂದ ಮೇಸ್ತ್ರಿ, ನಾನೇ ಕೆರೆಯುತ್ತೇನೆ, ನಾನೇ ಹೇಳುತ್ತೇನೆ, ಕೂತ್ಕೋ ಮಗೂ, ಹೇಳುತ್ತೇನೆ, ಎಂದು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತ, ಅಣ್ಣ ಯಾವ ದಿನ ಹೀಗೆ ಕೂತು ಕೆರೆದನೋ, ಎಷ್ಟು ದಿನ ಹಿಡಿಯಿತೋ, ಕೆರೆದು ಎದ್ದು ಬಂದು ಅದೇ ಸಾಲಿನಲ್ಲಿ ಊಟಕ್ಕೆ ಕೂತನೋ, ಒಂದು ಮಾತು, ಒಂದೇ ಒಂದು ಮಾತು — ಹಸಿರಿನೊಳಗೆ ಕೆಂಪು ಗೀರು, ಪಕ್ಕದಲ್ಲಿ ಇನ್ನೊಂದು, ಎಡಗೈಯ ಗೀರು, ಇನ್ನೊಂದು, ಕೆಂಪು