ಪಥ್ಯದ ಗಡಿಗೆ

ಶಿವರುದ್ರಮ್ಮನ ಮನೆಯಲ್ಲಿ ಒಲೆ ಒಂದೇ. ಅದು ಒಂದೇ ಇರಬೇಕೆಂಬುದು ಆಕೆಯ ಹಟ. ಹಿಂದೆ ಆಕೆಯ ಓರಗಿತ್ತಿ ಮಗುವಿಗೆ ಗಂಜಿ ಬೇಯಿಸಬೇಕು ಎಂದುಕೊಂಡು ಮೂಲೆಯಲ್ಲಿ ಮೂರು ಕಲ್ಲು ಹೂಡಿದ್ದಳು. ವರ್ಷ ತುಂಬುವುದರೊಳಗೆ ಮನೆಯ ನಡುವೆ ಗೋಡೆ ಎದ್ದಿತು, ಹೊಲದ ನಡುವೆ ಬದು ಬಿತ್ತು. ಬೇರೆ ಗಡಿಗೆ ಎಂದರೆ ಬೇರೆ ಮನೆ ಎಂದು ಶಿವರುದ್ರಮ್ಮ ಅವತ್ತೇ ತೀರ್ಮಾನ ಮಾಡಿಬಿಟ್ಟಳು. ಈಗ ಉಳಿದಿದ್ದವನು ಒಬ್ಬನೇ ಮಗ ಶಿವನಂಜಪ್ಪ. ಅವನೂ ಬೇರೆಯಾಗಿ ಹೋದರೆ ತಾನು ಯಾರಿಗೆ ಹಿಟ್ಟು ತೊಳಸಿ ಮುದ್ದೆ ಹಾಕುವುದು?

ಇಂಥ ಮನೆಗೆ ಪಥ್ಯ ಕಾಲಿಟ್ಟಿತು.

ಸೊಸೆ ಪುಟ್ಟಸಿದ್ದಮ್ಮ ಪಿರಿಯಾಪಟ್ಟಣದ ಕಡೆಯವಳು. ಬಾಣಂತನ ಮುಗಿಸಿ ಎದೆಗೂಸಿನೊಡನೆ ತವರಿನಿಂದ ಬಂದಾಗಿನಿಂದ ಕೀಲುಕೀಲು ನೋವು ಎನ್ನುತ್ತಿದ್ದಳು. ಎನ್ನಲಿ, ಬಾಣಂತಿಗೆ ವಾಯು ಹೊಸದಲ್ಲ. ಆದರೆ ಈ ನೋವಿನ ವರಸೆ ನೋಡಬೇಕು! ಕೋಳಿ ಕೂಗುವ ಹೊತ್ತಿಗೆ ಬೆರಳು ಮಡಚುವುದಿಲ್ಲ, ರಾಗಿಕಲ್ಲಿನ ಗೂಟ ಹಿಡಿಯಲು ಆಗುವುದಿಲ್ಲ. ಬಿಸಿಲೇರಿದ ಮೇಲೆ ಅದೇ ಕೈ ಸೊಪ್ಪು ಸೋಸುತ್ತದೆ, ಬಟ್ಟೆ ಒಗೆಯುತ್ತದೆ. ರಾಗಿ ಬೀಸುವ ಹೊತ್ತಿಗೆ ಸರಿಯಾಗಿ ಬಂದು, ಬೀಸಿ ಮುಗಿದ ಮೇಲೆ ಎದ್ದು ಹೋಗುವ ಕಾಯಿಲೆಯನ್ನು ಶಿವರುದ್ರಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕಾಯಿಲೆಗೂ ಮೈಗಳ್ಳತನಕ್ಕೂ ಇರುವ ವ್ಯತ್ಯಾಸ ಗೊತ್ತಾಗದಷ್ಟು ದಡ್ಡಿಯೇ ತಾನು?

ಶಿವನಂಜಪ್ಪ ಕಾಕನಕೋಟೆ ಕಾಡಿನಿಂದ ಹುಣಸೂರಿಗೆ ಮರ ಸಾಗಿಸುವ ಗಾಡಿ ಹೊಡೆಯುತ್ತಿದ್ದ. ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಒಮ್ಮೆ ಬಂದವನು ಹೆಂಡತಿಯನ್ನು ಬಿಳಿಕೆರೆಯ ನಾಟಿ ಪಂಡಿತ ಸಣ್ಣಬೀರಯ್ಯನಿಗೆ ತೋರಿಸಿಕೊಂಡು ಬಂದ. ಪಂಡಿತ ಕೀಲುವಾಯು ಎಂದನಂತೆ. ಹುಳಿ ಕೂಡದು, ಮೊಸರು ಕೂಡದು, ಬದನೆ ಕೂಡದು, ಅವರೆಯಂತೂ ಕಣ್ಣಲ್ಲೂ ನೋಡಕೂಡದು. ಹಳೆ ಅಕ್ಕಿಯ ಅನ್ನ, ಹೆಸರುಬೇಳೆ ಬೇಯಿಸಿದ ತಿಳಿ ಕಟ್ಟು, ನುಗ್ಗೆಸೊಪ್ಪು, ಬೆಳ್ಳುಳ್ಳಿ, ಶುಂಠಿ, ಇಷ್ಟೇ ಉಣ್ಣಬೇಕು. ಅದನ್ನು ಬೇರೆ ಗಡಿಗೆಯಲ್ಲೇ ಬೇಯಿಸಬೇಕು.

ಅನ್ನ! ಹಬ್ಬ ಬಂದರೆ, ಬೀಗರು ಬಂದರೆ ಅನ್ನ ಕಾಣುವ ಮನೆಯಲ್ಲಿ ಸೊಸೆಗೆ ದಿನಾ ಅನ್ನ. ಇದು ರೋಗವೋ ಮದುವೆ ಊಟವೋ ಎಂದು ಶಿವರುದ್ರಮ್ಮ ಮಗನ ಮುಖಕ್ಕೇ ಕೇಳಿದಳು. ಮಗ ಎತ್ತಿಗೆ ಹುಲ್ಲು ಹಾಕಲು ಹೋದ. ಪಂಡಿತನ ಹೆಂಡತಿಯೂ ಪಿರಿಯಾಪಟ್ಟಣದವಳೇ ಎಂದು ಆಮೇಲೆ ಗೊತ್ತಾಯಿತು. ಸರಿ, ಇನ್ನು ಬಿಡಿಸಿ ಹೇಳುವುದೇನಿದೆ?

ಅನುಮಾನ ಒಮ್ಮೆ ಹೊಕ್ಕರೆ ಕಂಡದ್ದೆಲ್ಲ ಸಾಕ್ಷಿಯೇ. ಬಳೆಗಾರ ಬಂದಾಗ ಪುಟ್ಟಸಿದ್ದಮ್ಮ ಹೊಸ ಬಳೆ ಒಲ್ಲೆ ಎಂದಳು. ಮುತ್ತೈದೆ ಬಳೆ ಒಲ್ಲೆ ಎನ್ನುವುದುಂಟೇ, ಇದು ಮುನಿಸಲ್ಲದೆ ಇನ್ನೇನು? ಮಗುವನ್ನು ಅಂಗೈಯಲ್ಲಿ ಎತ್ತದೆ ಮೊಣಕೈಗಳ ನಡುವೆ ಸಿಕ್ಕಿಸಿಕೊಂಡು ಎತ್ತುತ್ತಿದ್ದಳು. ಒಯ್ಯಾರ! ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಊರಿಗೆ ಊರೇ ಸೊಗಡಿನಲ್ಲಿ ಮುಳುಗಿರುವಾಗ ಸೊಸೆ ಹೆಸರುಬೇಳೆ ಕಟ್ಟು ಹುಯ್ದುಕೊಂಡು ಗೋಡೆ ಕಡೆಗೆ ತಿರುಗಿ ಉಣ್ಣುತ್ತಿದ್ದಳು. ಅವರೆ ಕಾಲದಲ್ಲಿ ಅವರೆ ಬೇಡ ಎನ್ನುವವಳನ್ನು ಈ ಸೀಮೆಯಲ್ಲಿ ಯಾರು ತಾನೇ ನಂಬುತ್ತಾರೆ?

ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡಳು ಶಿವರುದ್ರಮ್ಮ. ಪುಟ್ಟಸಿದ್ದಮ್ಮ ಪಥ್ಯದ ಗಡಿಗೆಯನ್ನು ಒಲೆಯ ಮೇಲಿಟ್ಟು ಮಗುವಿಗೆ ಹಾಲೂಡಿಸಲು ಒಳಕ್ಕೆ ಹೋಗುತ್ತಿದ್ದಳು. ದಿನವೂ ಆ ಹೊತ್ತಿನಲ್ಲಿ ಅತ್ತೆ ಹಿತುಕಿದ ಅವರೆಯನ್ನು ನುಣ್ಣಗೆ ಅರೆದು ಬೇಳೆ ಕಟ್ಟಿನಲ್ಲಿ ಕದಡತೊಡಗಿದಳು, ಮೇಲೆ ಒಂದಿಷ್ಟು ಹುಣಸೆ ನೀರು. ಬೆಳ್ಳುಳ್ಳಿಯ ಘಾಟಿನಲ್ಲಿ ಯಾವುದೂ ತಿಳಿಯುವುದಿಲ್ಲ ಎಂಬುದು ಆಕೆಯ ಧೈರ್ಯ. ಉಂಡು ನೋವು ಹೆಚ್ಚಿದರೆ ಪಂಡಿತ ಗೆದ್ದ, ಏನೂ ಆಗದಿದ್ದರೆ ಸೊಸೆಯ ನಾಟಕ ಬಯಲು.

ಏನೂ ಆಗಲಿಲ್ಲ. ಪುಟ್ಟಸಿದ್ದಮ್ಮ ಉಂಡಳು, ತಟ್ಟೆ ತೊಳೆದಿಟ್ಟಳು. ಅಷ್ಟೇ ಅಲ್ಲ, ಆ ವಾರದಿಂದ ನೋವಿನ ಮಾತೇ ನಿಂತುಹೋಯಿತು. ಬೆಳಗಿನ ಜಾವಕ್ಕೇ ರಾಗಿಕಲ್ಲಿನ ಸದ್ದು ಕೇಳತೊಡಗಿತು. ಶಿವರುದ್ರಮ್ಮ ಹಾಸಿಗೆಯಲ್ಲೇ ನಕ್ಕಳು. ಬಚ್ಚಲ ಹಂಡೆಯ ನೀರು ಯಾರೂ ಮೀಯುವ ಮೊದಲೇ ಕಾದು ಅರ್ಧಕ್ಕಿಳಿದಿರುತ್ತಿತ್ತು. ಕೇಳದೆ ಸೌದೆ ಸುಡುತ್ತಾಳೆ ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡಳು. ಇಂಥ ಸುಳ್ಳುಗಾತಿಯನ್ನು ಹೀಗೇ ಬಿಟ್ಟರೆ ಮಗನನ್ನು ಕರೆದುಕೊಂಡು ಬೇರೆ ಒಲೆ ಹೂಡುವುದು ಖಂಡಿತ. ಅದಕ್ಕೆ ಮೊದಲೇ ತವರಿಗೆ ಅಟ್ಟಿ, ಬುದ್ಧಿ ಬಂದ ಮೇಲೆ ಕರೆಸಿಕೊಂಡರಾಯಿತು. ಮಗ ಊರಿಗೆ ಬರುವ ದಿನ ನೋಡಿಕೊಂಡು ಬೀಗ ದೇವಯ್ಯನಿಗೂ ಹೇಳಿಕಳಿಸಿದಳು.

ದೇವಯ್ಯ ಗಾಡಿ ಕಟ್ಟಿಕೊಂಡು ಬಂದ. ಕುಡಿಯಲು ನೀರು ಕೊಟ್ಟ ಮೇಲೆ, ಮಗನನ್ನೂ ಜಗಲಿಗೆ ಕರೆದು, ಶಿವರುದ್ರಮ್ಮ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರೆ, ಹುಣಸೆ, ದಿನವೂ ತಪ್ಪದೆ ಹಾಕಿದ್ದು, ನಿಮ್ಮ ಮಗಳಿಗೆ ಒಂದು ಉಳುಕೂ ಆಗದೆ ಇದ್ದದ್ದು. ಹೇಳುವಾಗ ಆಕೆಗೆ ನಾಚಿಕೆ ಇರಲಿಲ್ಲ, ಹೆಮ್ಮೆಯೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಪುಟ್ಟಸಿದ್ದಮ್ಮ ಮೆಲ್ಲಗೆ ಹೇಳಿದಳು: "ಗೊತ್ತಿತ್ತು ಕಣತ್ತೆಮ್ಮ. ಅವರೆ ಸೊಗಡು ಬಚ್ಚಿಡಕ್ಕಾಯ್ತದಾ? ಮೊದಲ್ನೇ ದಿನವೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಉಂಡೆ ಮತ್ತೆ?" ಎಂದಳು ಶಿವರುದ್ರಮ್ಮ.

"ಉಣ್ಣದೆ ಎದ್ದಿದ್ರೆ ಅತ್ತೆ ಮದ್ದಿಕ್ಕಿದ್ಲು ಅಂತ ನಾನು ಊರೆಲ್ಲ ಸಾರ್ತೀನಿ ಅಂತಿದ್ರಿ. ಉಂಡು ನರಳಿದ್ರೆ ನಾಟ್ಕ ಅಂತಿದ್ರಿ. ಅದ್ಕೇ ಉಂಡು ಸುಮ್ಕಿದ್ದೆ."

ಸೆರಗಿನೊಳಗಿಂದ ಕೈ ಈಚೆಗೆ ತೆಗೆದಳು. ಬೆರಳಿನ ಗೆಣ್ಣುಗಳು ಊದಿ ಮಿರಮಿರ ಮಿನುಗುತ್ತಿದ್ದವು. ಹಳೆಯ ಬಳೆಗಳು ಮಣಿಕಟ್ಟಿನ ಬಾವಿನಲ್ಲಿ ಹೂತುಹೋಗಿದ್ದವು. ಆ ಗೆಣ್ಣು ದಾಟಿ ಹೊಸ ಬಳೆ ಏರುವಂತಿರಲಿಲ್ಲ. ಎಲ್ಲರೂ ಏಳುವ ಮೊದಲೇ ಹಂಡೆ ಕಾಯಿಸಿ, ಬೆರಳು ಬಿಡುವ ತನಕ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಆಮೇಲೆ ಕಲ್ಲಿಗೆ ಕೂರುತ್ತಿದ್ದಳಂತೆ. ಶಿವರುದ್ರಮ್ಮ ಕೈ ಚಾಚಿ ಮುಟ್ಟಿದಳು. ಕೀಲು ಕೆಂಡದ ಹಾಗೆ ಸುಡುತ್ತಿತ್ತು. ಇಷ್ಟು ತಿಂಗಳು ಸೊಸೆಯ ತಟ್ಟೆ ನೋಡಿದ್ದಳು, ಹಂಡೆ ನೋಡಿದ್ದಳು, ಈ ಕೈಯನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ.

ಅವರೆಯಿಂದ ಹೆಚ್ಚಾಯಿತೋ, ಚಳಿಯಿಂದಲೋ, ತನ್ನಷ್ಟಕ್ಕೇ ಏರಿತೋ, ಅದನ್ನು ಸಣ್ಣಬೀರಯ್ಯನೂ ಹೇಳಲಾರ. ಪುಟ್ಟಸಿದ್ದಮ್ಮ ಮಾತ್ರ ಮಗುವನ್ನು ಮೊಣಕೈಗಳ ನಡುವೆ ಎತ್ತಿಕೊಂಡು ಜಗಲಿ ಇಳಿದಳು. "ಗಾಡಿ ಹೂಡಪ್ಪ. ಅವ್ವನ ಮನೇಲಿ ಮೂಸಿ ನೋಡಿ ಉಣ್ಬೇಕಾಗಿಲ್ಲ," ಎಂದು ತಂದೆಗೆ ಹೇಳಿದಳು. ಶಿವನಂಜಪ್ಪ ಎದ್ದು ಅವಳ ಹಿಂದೆ ಹೊರಟ. ಯಾವುದು ಆಗಬಾರದು ಎಂದು ಇಷ್ಟೆಲ್ಲ ಮಾಡಿದಳೋ ಅದೇ ಕಣ್ಣೆದುರು ಆಗುತ್ತಿತ್ತು.

ಶಿವರುದ್ರಮ್ಮ ಯಾರನ್ನೂ ತಡೆಯಲಿಲ್ಲ. ಹಿತ್ತಿಲಿಗೆ ಹೋಗಿ ಮೂರು ಕಲ್ಲು ಹೊತ್ತು ತಂದಳು, ಮಣ್ಣು ತಂದಳು. ಅಡುಗೆಮನೆಯ ಆಚೆ ಮೂಲೆಯಲ್ಲಿ ಕಲ್ಲು ಹೂಡಿ, ಮಣ್ಣು ಮೆತ್ತತೊಡಗಿದಳು. ಬಾಗಿಲಿಗೆ ಬಂದ ಬೀಗನಿಗೆ, "ಎತ್ತು ಬಿಚ್ಚಿ. ಅವಳೊಲೆ ಅವಳಿಗೆ ಹಾಕ್ಕೊಡ್ತಿವ್ನಿ," ಎಂದಷ್ಟೇ ಅಂದಳು. ಪುಟ್ಟಸಿದ್ದಮ್ಮ ಅಂಗಳದಲ್ಲೇ ಬಹಳ ಹೊತ್ತು ನಿಂತಿದ್ದು, ಕೊನೆಗೆ ಒಳಕ್ಕೆ ಬಂದಳು.

ಒಲೆಯೇನೋ ಆಯಿತು, ಗಡಿಗೆ ಇಳಿಸುವ ಕೈ ಎಲ್ಲಿತ್ತು? ಆ ಒಲೆಯನ್ನೂ ಶಿವರುದ್ರಮ್ಮನೇ ಊದಬೇಕಾಯಿತು. ಬೇಸಗೆಗೆ ಸೊಸೆಯ ಬಾವು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಅತ್ತೆ ದಿನವೂ ಅನ್ನ ಬಸಿದು, ಕಟ್ಟು ಹುಯ್ದು, ಸೊಸೆಯ ಮುಂದೆ ತಟ್ಟೆ ಇಡುತ್ತಾಳೆ. ಆಮೇಲೆ ಅದೇ ಗಡಿಗೆಯಿಂದ ಒಂದು ತುತ್ತನ್ನು ತನ್ನ ಅಂಗೈಗೆ ಹಾಕಿಕೊಂಡು ಅವಳೆದುರಿಗೇ ಉಣ್ಣುತ್ತಾಳೆ. ಹೀಗೆ ಮಾಡಿ ಎಂದು ಪುಟ್ಟಸಿದ್ದಮ್ಮ ಯಾವತ್ತೂ ಕೇಳಿದವಳಲ್ಲ. ಬೇಡ ಎಂದೂ ಹೇಳಿಲ್ಲ. ಅತ್ತೆ ನುಂಗುವ ತನಕ ತಟ್ಟೆಗೆ ಕೈ ಹಾಕುವುದಿಲ್ಲ, ಅಷ್ಟೇ.