ಎಪ್ಪತ್ತೊಂದನೆಯ ಎಂಜಿನ್

ಡಾಂಕಾಸ್ಟರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಮುಗಿಯುವ ಕಡೆ, ಚಾವಣಿ ಇಲ್ಲದ ಜಾಗದಲ್ಲಿ, ಒಂದು ಕಬ್ಬಿಣದ ಬೆಂಚಿದೆ. ನನ್ನ ದಾಂಪತ್ಯದ ಮುಕ್ಕಾಲು ಪಾಲು ಕಳೆದದ್ದು ಅದರ ಮೇಲೆ. ಬೇರೆ ಹೆಂಗಸರು ಗಂಡನ ಜೊತೆ ಊರೂರು ಸುತ್ತಿದರು. ನಾನೂ ಸುತ್ತಿದೆ, ಆದರೆ ಯಾವ ಊರಿನಲ್ಲೂ ಸ್ಟೇಷನ್ ದಾಟಿ ಆಚೆ ಹೋಗಲಿಲ್ಲ. ಕ್ರೂ ಊರು ಎಂದರೆ ನನಗೆ ಒಂದು ಪ್ಲಾಟ್‌ಫಾರ್ಮಿನ ತುದಿ. ಕಾರ್ಲೈಲ್ ಎಂದರೆ ಮೂಳೆ ಕೊರೆಯುವ ಗಾಳಿ.

ನನ್ನ ಗಂಡ ಕ್ಲೆಮ್ ರೈಲು ನೋಡುವವನು. ಓಡಿಸುವವನಲ್ಲ, ರಿಪೇರಿ ಮಾಡುವವನಲ್ಲ, ಬರೀ ನೋಡುವವನು. ದೇಶದ ಎಲ್ಲಾ ಎಂಜಿನ್ನುಗಳ ನಂಬರು ಅಚ್ಚಾದ ಪುಸ್ತಕ ಅವನ ಜೇಬಿನಲ್ಲಿರುತ್ತದೆ. ಒಂದು ಎಂಜಿನ್ನನ್ನು ಕಣ್ಣಾರೆ ಕಂಡು ನಂಬರು ಓದಿದರೆ ಪುಸ್ತಕದಲ್ಲಿ ಆ ನಂಬರಿನ ಕೆಳಗೆ ಗೆರೆ. ಇನ್ನೊಬ್ಬರು ನೋಡಿ ಹೇಳಿದ್ದು ಲೆಕ್ಕಕ್ಕಿಲ್ಲ. ಅರ್ಧ ನಂಬರು ಕಂಡರೂ ಲೆಕ್ಕಕ್ಕಿಲ್ಲ. ನೋಡದೆ ಗೆರೆ ಎಳೆದವನ ಜೊತೆ ಯಾರೂ ಚಹಾ ಕುಡಿಯುವುದಿಲ್ಲ. ಈ ವಿಷಯದಲ್ಲಿ ಇವರು ಪಾದ್ರಿಗಳಿಗಿಂತ ಕಟ್ಟುನಿಟ್ಟು.

ಒಮ್ಮೆ ಗೆರೆ ಬಿದ್ದ ಎಂಜಿನ್ನನ್ನು ಕ್ಲೆಮ್ ಮತ್ತೆ ತಲೆಯೆತ್ತಿ ನೋಡುವುದಿಲ್ಲ. ಮೂಗಿನ ಮುಂದೆ ಬಂದು ನಿಂತರೂ ಬೆನ್ನು ತಿರುಗಿಸಿ ಸ್ಯಾಂಡ್‌ವಿಚ್ ಬಿಚ್ಚುತ್ತಾನೆ. "ಅದು ಆಯ್ತು ಕಣೇ ಡೋರೀನ್" ಎನ್ನುತ್ತಾನೆ. ಮದುವೆಯಾದ ವರ್ಷವೇ ನನ್ನ ಹೆಸರಿನ ಕೆಳಗೂ ಗೆರೆ ಬಿದ್ದುಹೋಯಿತು ಎಂದು ನಾನು ಅವನ ಗೆಳೆಯರ ಮುಂದೆ ಹೇಳುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಅದನ್ನು ಅಷ್ಟೇನೂ ತಮಾಷೆಗೆ ಹೇಳುತ್ತಿರಲಿಲ್ಲ.

ಗೂಡ್ಸ್ ಎಳೆಯುವ ಒಂದು ಜಾತಿಯ ಎಂಜಿನ್ನುಗಳಿವೆ. ಒಟ್ಟು ನೂರು ಕಟ್ಟಿದ್ದರು. ಕ್ಲೆಮ್ ಒಂದನ್ನು ಬಿಟ್ಟು ಎಲ್ಲವನ್ನೂ ನೋಡಿದ್ದಾನೆ. ಉಳಿದದ್ದು ಎಪ್ಪತ್ತೊಂದನೆಯ ನಂಬರಿನದು, ನಮ್ಮ ಬಾಯಲ್ಲಿ ಬರೀ ಎಪ್ಪತ್ತೊಂದು. ನಮ್ಮ ಮನೆಯಲ್ಲಿ ಈ ಹೆಸರು ಸತ್ತ ನೆಂಟರ ಹೆಸರಿಗಿಂತ ಹೆಚ್ಚು ಸಲ ಕೇಳಿಬಂದಿದೆ. ಅದು ಇಲ್ಲಿಗೆ ಬಂದ ದಿನ ಕ್ಲೆಮ್‌ಗೆ ಜ್ವರ. ಅವನು ಅದನ್ನು ಹುಡುಕಿಕೊಂಡು ಹೋದ ದಿನ ಅದು ಕೆಟ್ಟು ನಿಂತಿರುತ್ತಿತ್ತು. ಒಮ್ಮೆ ಎದುರಿಗೇ ಹಾದುಹೋಯಿತು, ಆದರೆ ನಡುವೆ ಲಂಡನ್ ರೈಲು ಬಂದು ಅಡ್ಡ ನಿಂತಿತು. ಪಾಪ, ನನ್ನ ಗಂಡನ ಹಣೆಬರಹವೇ ಸರಿಯಿಲ್ಲ ಎಂದು ನಾನು ಮರುಗಿದ್ದೆ.

ಮರುಗಲು ನನಗೂ ಕಾರಣವಿತ್ತು. ಸ್ಕಾರ್‌ಬರೋದಲ್ಲಿ ನನ್ನ ಅಕ್ಕ ಬೆರಿಲ್ ಇದ್ದಾಳೆ. ಸಮುದ್ರಕ್ಕೆ ಮುಖಮಾಡಿದ ಮನೆ, ಮೇಲಿನ ಅಂತಸ್ತು ಖಾಲಿ. ನೀವಿಬ್ಬರೂ ಬಂದು ಇರಿ ಎಂದು ಅವಳು ಕರೆಯುತ್ತಲೇ ಬಂದಿದ್ದಳು. ಕ್ಲೆಮ್ ಕೆಲಸದಿಂದ ನಿವೃತ್ತನಾದ ದಿನ ನನ್ನ ಕೈ ಹಿಡಿದುಕೊಂಡು ಮಾತು ಕೊಟ್ಟಿದ್ದ: "ಆ ಎಪ್ಪತ್ತೊಂದು ಸಿಕ್ಕಿಬಿಡ್ಲಿ. ಮಾರನೇ ದಿನಾನೇ ಗಂಟುಮೂಟೆ ಕಟ್ಟೋಣ." ಆಮೇಲೆ ಪ್ರತಿ ಬೇಸಿಗೆ ಅಕ್ಕನ ಮನೆಗೆ ಹೋದಾಗ ನಾನು ಒಂದು ಜೊತೆ ಚಪ್ಪಲಿ, ಒಂದು ಫ್ರಾಕು ಅಲ್ಲೇ ಬಿಟ್ಟು ಬರುತ್ತಿದ್ದೆ. ಹೀಗೆ ನನ್ನ ಅರ್ಧ ಕಪಾಟು ಅಲ್ಲಿ ಸೇರಿತ್ತು. ಬೆರಿಲ್‌ಗೆ ಸೊಂಟದ ಆಪರೇಷನ್ ಆಗಿ ಮೆಟ್ಟಿಲು ಹತ್ತಲಾಗುವುದಿಲ್ಲ, ಅವಳಿಗೆ ಮನೆಯಲ್ಲಿ ಒಬ್ಬರು ಬೇಕು. ಒಂದು ದಿನ ಫೋನಿನಲ್ಲಿ ಅತ್ತಳು. "ನೀನು ಬರಲ್ಲ ಅಂದ್ರೆ ಹೇಳ್ಬಿಡೇ, ಯಾರಿಗಾದ್ರೂ ಬಾಡಿಗೆಗೆ ಕೊಡ್ತೀನಿ. ಒಬ್ಳೇ ಇರೋಕೆ ಭಯ ಆಗುತ್ತೆ" ಎಂದಳು. ತಿಂಗಳ ಕೊನೆಗೆ ತಿಳಿಸುತ್ತೇನೆ ಎಂದಿದ್ದೆ.

ಆಗಲೇ ಸುದ್ದಿ ಬಂತು. ಯಾವುದೋ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಎಪ್ಪತ್ತೊಂದನ್ನು ಹೊಸ ಬಣ್ಣ ಬಳಿದು ಮತ್ತೆ ಹಳಿಗೆ ಇಳಿಸಿದ್ದಾರಂತೆ. ಗುರುವಾರ ಮಧ್ಯಾಹ್ನ ಜಲ್ಲಿ ತುಂಬಿದ ಗೂಡ್ಸ್ ಎಳೆದುಕೊಂಡು ನಮ್ಮ ಊರಿನ ಮೇಲೇ ಹೋಗುತ್ತದಂತೆ.

ಗುರುವಾರ ನಾನು ಬೇಗ ಎದ್ದು ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿ, ಎರಡು ಫ್ಲಾಸ್ಕ್ ಚಹಾ ತುಂಬಿಸಿದೆ. ಕ್ಲೆಮ್ ತಿಂಡಿ ಸರಿಯಾಗಿ ತಿನ್ನಲಿಲ್ಲ. ಸಂತೋಷಕ್ಕೆ ಹೊಟ್ಟೆ ತುಂಬಿರಬೇಕು ಎಂದುಕೊಂಡೆ.

ಬೆಂಚಿನ ಹತ್ತಿರ ವಿಲ್ಫ್ ಮತ್ತು ಟ್ರೆವರ್ ಆಗಲೇ ಬಂದಿದ್ದರು. ಹಿಂದೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಈಗ ಉಳಿದವರು ಇವರೇ. ವಿಲ್ಫ್ ಬಸ್ಸು ಓಡಿಸಿ ನಿವೃತ್ತನಾದವನು, ಕ್ಲೆಮ್‌ನ ಬಾಲ್ಯದ ಗೆಳೆಯ. ಅವನ ಪುಸ್ತಕ ಎಂದೋ ತುಂಬಿಹೋಗಿದೆ, ಈಗ ಪೆನ್ನು ಕೂಡ ತರುವುದಿಲ್ಲ. ಬಂದು ಕೂರುತ್ತಾನೆ, ಮಾಂಸದ ಪೈ ತಿನ್ನುತ್ತಾನೆ, ಹೋಗುತ್ತಾನೆ. ಟ್ರೆವರ್‌ಗೆ ಐವತ್ತು ದಾಟಿದ್ದರೂ ಗುಂಪಿನಲ್ಲಿ ಅವನೇ ಮಗು. ಅವನ ಕೈಯಲ್ಲಿ ಸದಾ ಫೋನು.

"ಬಾಮ್ಮಾ ಡೋರೀನ್" ಎಂದ ವಿಲ್ಫ್. "ಇವತ್ತು ನಿನ್ನ ಸವತಿ ಬರ್ತಾಳಂತೆ."

"ಬರ್ಲಿ. ಅವಳ ಕೈಗೇ ಇವನನ್ನ ಒಪ್ಪಿಸಿ ನಾನು ಬಿಡುಗಡೆ ಆಗ್ತೀನಿ" ಎಂದೆ.

ಟ್ರೆವರ್ ಫೋನು ನೋಡುತ್ತಾ, "ಯಾರ್ಡ್ ಬಿಟ್ಟಿದೆ. ಎಪ್ಪತ್ತೊಂದೇ" ಎಂದ.

"ನೋಡು, ಇದಕ್ಕೇ ನನ್ಗೆ ಮೈ ಉರಿಯೋದು" ಎಂದ ವಿಲ್ಫ್. "ಯಾವ ಎಂಜಿನ್ನು, ಯಾವ ಗಾಡಿ, ಈಗ ಎಲ್ಲಿದೆ, ಎಲ್ಲಾ ಅದೇ ಹೇಳ್ಬಿಡುತ್ತೆ. ನಾವು ಚಳೀಲಿ ನಡುಗ್ತಾ ನಿಂತಿದ್ರೆ ಮೂಲೆ ತಿರುಗಿ ಏನು ಬರುತ್ತೋ ದೇವ್ರಿಗೂ ಗೊತ್ತಿರ್ತಿರ್ಲಿಲ್ಲ. ಈಗ ಇದ್ರಲ್ಲಿ ಏನಯ್ಯಾ ಉಳಿದಿದೆ?"

"ಉಳಿದಿಲ್ಲ ಅಂದ್ರೆ ದಿನಾ ಯಾಕೆ ಬರ್ತೀಯ?" ಎಂದ ಟ್ರೆವರ್.

"ಮನೇಲಿ ಏನಿದೆ?" ಎಂದು ವಿಲ್ಫ್ ಪೈ ಕಚ್ಚಿದ. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು.

ಕ್ಲೆಮ್ ಈ ಮಾತಿಗೆ ಸೇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, "ಶೌಚಾಲಯಕ್ಕೆ ಹೋಗ್ಬರ್ತೀನಿ" ಎಂದ.

"ಈಗ್ಲಾ? ತಡ್ಕೊಳ್ಳೋ" ಎಂದೆ.

"ವಯಸ್ಸಾಯ್ತು ಕಣೇ, ಅದು ನನ್ನ ಮಾತು ಕೇಳುತ್ತಾ?" ಎನ್ನುತ್ತಾ ಹೋದ. ವಿಲ್ಫ್ ಪೈಯನ್ನೇ ನೋಡುತ್ತಿದ್ದ. ಟ್ರೆವರ್ ಫೋನನ್ನೇ ನೋಡುತ್ತಿದ್ದ. ಆಗ ನನಗೆ ಅದು ವಿಚಿತ್ರ ಅನಿಸಲಿಲ್ಲ.

ಅವನು ಹೋದ ಸ್ವಲ್ಪ ಹೊತ್ತಿಗೆಲ್ಲ ಸಿಗ್ನಲ್ಲು ಹಸಿರಾಯಿತು. "ಗಾಡಿ ಮುಂಚೇನೇ ಬರ್ತಿದೆ" ಎಂದ ಟ್ರೆವರ್. ಈ ಸಲವೂ ಕೈತಪ್ಪಿತೇ ಎಂದು ಚೀಲ ಅಲ್ಲೇ ಬಿಟ್ಟು, ನೋಯುವ ಮಂಡಿಯನ್ನೂ ಲೆಕ್ಕಿಸದೆ ಓಡಿದೆ.

"ಡೋರೀನ್, ಬೇಡ, ಕೂತ್ಕೋ!" ಎಂದು ವಿಲ್ಫ್ ಹಿಂದಿನಿಂದ ಕೂಗಿದ.

ಶೌಚಾಲಯದವರೆಗೆ ಹೋಗಬೇಕಾಗಿ ಬರಲಿಲ್ಲ. ದಾರಿಯಲ್ಲಿ ಹಿಂದೆ ಲಾಟೀನುಗಳನ್ನು ಇಡುತ್ತಿದ್ದ ಕೋಣೆ ಇದೆ, ಈಗ ಬೀಗ ಜಡಿದಿದ್ದಾರೆ. ಅದರ ಹಿಂಬದಿಯಲ್ಲಿ ಕ್ಲೆಮ್ ನಿಂತಿದ್ದ. ಇಟ್ಟಿಗೆ ಗೋಡೆಗೆ ಮುಖ ಮಾಡಿ, ಕಣ್ಣಾಮುಚ್ಚಾಲೆಯಲ್ಲಿ ಎಣಿಸುವ ಮಗುವಿನ ಹಾಗೆ ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡು ನಿಂತಿದ್ದ.

ನಾನು ಕೂಗಲು ತೆರೆದ ಬಾಯಿ ತೆರೆದೇ ಉಳಿಯಿತು. ಹಿಂದೆ ನೆಲ ನಡುಗಿತು. ತಿರುಗಿದೆ. ದೊಡ್ಡ ಸದ್ದಿನೊಂದಿಗೆ ಎಂಜಿನ್ನು ನನ್ನ ಪಕ್ಕದಲ್ಲೇ ಹೋಯಿತು. ಇಷ್ಟು ವರ್ಷ ಇವರ ಜೊತೆ ಕೂತು ನನ್ನ ಕಣ್ಣೂ ಪಳಗಿಬಿಟ್ಟಿದೆ, ಬೇಡವೆಂದರೂ ಓದುತ್ತದೆ. ಎಪ್ಪತ್ತೊಂದು. ಅದರ ಹಿಂದೆ ಜಲ್ಲಿಯ ಡಬ್ಬಿಗಳು ಒಂದೊಂದಾಗಿ ಗಡಗಡ ಎನ್ನುತ್ತಾ ಹೋದವು. ಕೊನೆಯ ಡಬ್ಬಿ ದಾಟುವವರೆಗೂ ಅವನು ಕೈ ತೆಗೆಯಲಿಲ್ಲ.

ಕೈ ತೆಗೆದು ತಿರುಗಿದಾಗ ನಾನು ಎದುರಿಗಿದ್ದೆ.

"ಜ್ವರ?" ಎಂದೆ. "ಆವತ್ತು ಬಂದಿದ್ದ ಜ್ವರ?"

ಅವನ ಕೈ ಜೇಬಿನ ಪುಸ್ತಕದ ಮೇಲೆ ಹೋಯಿತು.

"ಲಂಡನ್ ರೈಲು ಅಡ್ಡ ಬಂದಿತ್ತಲ್ಲ, ಅದು?"

"ಅದು ನಿಜ ಕಣೇ. ಅದೊಂದು ನಿಜ" ಎಂದ. ಆಮೇಲೆ ನೆಲ ನೋಡುತ್ತಾ, "ನೀನು ನೋಡಿದ್ಯಾ?" ಎಂದು ಕೇಳಿದ.

"ನೋಡ್ದೆ."

"ಹೇಗಿತ್ತು?"

ಅಯ್ಯೋ, ಆ ದನಿಯಲ್ಲಿದ್ದ ಆಸೆ! ನನಗೆ ಕಪಾಳಕ್ಕೆ ಬಾರಿಸಬೇಕು ಅನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನಿಸಿತು. ಎರಡಕ್ಕೂ ಶಕ್ತಿ ಇರಲಿಲ್ಲ. "ಹೇಳಲ್ಲ. ನಾನು ಹೇಳಿದ್ರೆ ನಿನ್ಗೆ ಲೆಕ್ಕಕ್ಕೆ ಬರಲ್ವಲ್ಲ" ಎಂದೆ.

"ವಿಲ್ಫ್‌ನ ನೋಡಿದ್ಯಲ್ಲ" ಎಂದ ಅವನು. "ಎಲ್ಲಾ ಮುಗಿಸ್ಬಿಟ್ಟ. ಮುಗಿಸಿದ ದಿನ ನಮಗೆಲ್ಲ ಬಿಯರ್ ಕುಡಿಸಿದ. ಆಮೇಲೆ ಹೇಗಾಗಿಹೋದ ನೋಡು. ಈಗ ಬರೋ ಹೊಸ ಗಾಡಿಗಳು ನನ್ಗೆ ಹಿಡಿಸಲ್ಲ, ಎಲ್ಲಾ ಒಂದೇ ಥರ. ಇದೊಂದೇ ಉಳಿದಿರೋದು. ಬೆಳಿಗ್ಗೆ ಎದ್ದು ಬೂಟು ಕಟ್ಟೋಕೆ ನನ್ಗೆ ಒಂದು ಬೇಕು ಕಣೇ. ಅದನ್ನೂ ನೋಡ್ಬಿಟ್ರೆ ಏನು ಮಾಡ್ಲಿ?"

"ಮತ್ತೆ ನಾನು? ನಾನು ಬೂಟು ಯಾಕೆ ಕಟ್ತಿದ್ದೆ ಅಂದ್ಕೊಂಡೆ? ಆ ಎಂಜಿನ್ನು ಬೇಗ ಬರ್ಲಿ ಅಂತ ನಾನು ಚರ್ಚಿನಲ್ಲಿ ಮೊಣಕಾಲೂರಿ ಬೇಡ್ಕೊಂಡಿದ್ದೀನಿ ಕಣೋ. ಡೀಸೆಲ್ ಎಂಜಿನ್ನಿಗೋಸ್ಕರ!"

"ಸಮುದ್ರ ಎಲ್ಲಿಗೆ ಹೋಗುತ್ತೆ ಡೋರೀನ್? ಮುಂದಿನ ವರ್ಷ..."

"ಸಮುದ್ರ ಎಲ್ಲಿಗೂ ಹೋಗಲ್ಲ. ಬೆರಿಲ್ ಒಂದಿನ ಹೋಗ್ಬಿಡ್ತಾಳೆ. ನಾನೂ ಹೋಗ್ಬಿಡ್ತೀನಿ."

ಇಬ್ಬರೂ ಬೆಂಚಿಗೆ ಮರಳಿದೆವು. ಯಾರೂ ಏನೂ ಕೇಳಲಿಲ್ಲ. ಎಂಜಿನ್ನು ಸಿಕ್ಕಿತೇ ಎಂದು ಕೂಡ ಕೇಳಲಿಲ್ಲ. ಆಗ ನನಗೆ ಎಲ್ಲ ಹೊಳೆಯಿತು.

"ನಿಮಗೆ ಗೊತ್ತಿತ್ತು" ಎಂದೆ.

ಟ್ರೆವರ್ ಕಿವಿಯವರೆಗೂ ಕೆಂಪಾದ. ವಿಲ್ಫ್ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ನಿನಗೂ ಗೊತ್ತು ಅಂದ್ಕೊಂಡಿದ್ವಮ್ಮಾ. ಗೊತ್ತಿದ್ದೂ ಅವನ ಜೊತೆ ಬಂದು ಕೂರ್ತೀಯ, ಎಂಥಾ ಹೆಂಗಸು ಅಂತ ನಾವು ಮಾತಾಡ್ಕೊಳ್ತಿದ್ವಿ."

ನೋಡದೆ ಒಂದು ಗೆರೆ ಎಳೆದರೆ ಮುಖ ತಿರುಗಿಸುವ ಜನ, ನನ್ನ ಕಣ್ಣಿಗೆ ಮಣ್ಣೆರಚಿದ್ದನ್ನು ಎಲ್ಲರೂ ಸೇರಿ ಕಾಪಾಡಿಕೊಂಡು ಬಂದಿದ್ದರು. ಕೋಪ ಬಂತು, ಆದರೆ ಅದು ಕೂಡ ಸುಸ್ತಾದ ಕೋಪ. ಕೂಗಾಡುವಷ್ಟು ದೂರ ಬರಲಿಲ್ಲ.

ಈ ಹವ್ಯಾಸದಿಂದ ಏನು ಬಂತು, ಈ ಕಾಲದಲ್ಲಿ ಇದು ಬೇಕೇ ಎಂದು ನೆರೆಹೊರೆಯವರು ನನ್ನನ್ನು ಕೇಳುತ್ತಿದ್ದರು. ನಾನು ಮೂಗು ಮುರಿದು ನಗುತ್ತಿದ್ದೆ. ಅವನಿಗೆ ಅದರಿಂದ ಏನು ಬಂತು ಎಂದು ಅವತ್ತು ನನಗೆ ಅರ್ಥವಾಯಿತು. ಅರ್ಥವಾದರೂ ನನ್ನ ಸುಸ್ತು ಕಡಿಮೆಯಾಗಲಿಲ್ಲ. ಅವನಿಗೆ ಬದುಕಲು ಒಂದು ಉಳಿದಿರಬೇಕಾಗಿತ್ತು. ಆ ಒಂದು ಉಳಿಯಲು ನಾನು ಕಾಯಬೇಕಾಗಿತ್ತು.

ನಾನು ಚೀಲದಿಂದ ಸ್ಯಾಂಡ್‌ವಿಚ್ಚಿನ ಡಬ್ಬಿ ತೆಗೆದು ಅವನ ತೊಡೆಯ ಮೇಲಿಟ್ಟೆ. ಒಂದು ಫ್ಲಾಸ್ಕನ್ನು ಪಕ್ಕದಲ್ಲಿಟ್ಟೆ. ಇನ್ನೊಂದನ್ನು ಚೀಲದಲ್ಲೇ ಉಳಿಸಿಕೊಂಡೆ.

"ನಾನು ಬೆರಿಲ್ ಮನೆಗೆ ಹೊರಟೆ" ಎಂದೆ.

"ಭಾನುವಾರ ಹೋಗೋಣ ಬಿಡು..."

"ಈಗ. ಯಾರ್ಕ್‌ಗೆ ಹೋಗೋ ಗಾಡಿ ಎದುರಿಗೇ ನಿಂತಿದೆ, ಅಲ್ಲಿಂದ ಸ್ಕಾರ್‌ಬರೋಗೆ ಬೇರೆ ಗಾಡಿ."

"ಬಟ್ಟೆ?"

"ಅಲ್ಲಿದೆ. ಇಲ್ಲಿಗಿಂತ ಅಲ್ಲೇ ಜಾಸ್ತಿ ಇದೆ."

ಅವನು ವಿಲ್ಫ್‌ನ ಮುಖ ನೋಡಿದ. ವಿಲ್ಫ್ ಹಳಿ ನೋಡಿದ. "ಆದ್ರೆ ಎಪ್ಪತ್ತೊಂದು ಇನ್ನೂ ಸಿಕ್ಕಿಲ್ವಲ್ಲೇ" ಎಂದು ಕ್ಲೆಮ್ ಸಣ್ಣ ದನಿಯಲ್ಲಿ ಹೇಳಿದ.

"ನಿನ್ಗೆ ಸಿಕ್ಕಿಲ್ಲ. ನನ್ಗೆ ಸಿಕ್ತು. ಒಬ್ಬರು ನೋಡಿದ್ದು ಇನ್ನೊಬ್ಬರಿಗಲ್ಲ, ನಿಮ್ಮದೇ ನಿಯಮ. ಅದನ್ನ ನೀನು ನೋಡ್ಲೇಬೇಡ, ಇಟ್ಕೋ. ನಾನು ಇನ್ನು ಕಾಯಲ್ಲ."

"ಯಾವಾಗ ಬರ್ತೀಯ?"

"ನೀನು ಬಾ. ದೇಶದ ರೈಲೆಲ್ಲ ಬಾಯಿಪಾಠ ಇರೋನು. ಅಲ್ಲಿಗೆ ಯಾವುದು ಬರುತ್ತೆ ಅಂತ ನಾನು ಹೇಳ್ಕೊಡ್ಬೇಕಾ?"

ಅವನು ಅದಕ್ಕೆ ನಗಲಿಲ್ಲ. ನನಗೂ ನಗಿಸುವ ಉದ್ದೇಶ ಇರಲಿಲ್ಲ.

ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತೆ. ಚೀಲ ಹಗುರವಾಗಿತ್ತು. ಅಕ್ಕನಿಗೆ ಮಾಡಲೆಂದು ಫೋನು ತೆಗೆದು, ಮತ್ತೆ ಚೀಲಕ್ಕೇ ಹಾಕಿದೆ. ನಾನು ಅಳುತ್ತಿದ್ದೆ ಎಂದು ಎದುರಿಗೆ ಕೂತ ಹುಡುಗಿ ಕಾಗದದ ಕರವಸ್ತ್ರ ಚಾಚಿದ ಮೇಲೆ ತಿಳಿಯಿತು.

ಗಾಡಿ ಮೆಲ್ಲಗೆ ಹೊರಟು ಪ್ಲಾಟ್‌ಫಾರ್ಮಿನ ತುದಿಯ ಕಡೆ ಸರಿಯಿತು. ಇದು ದಿನಕ್ಕೆ ಹತ್ತು ಸಲ ಓಡಾಡುವ ಗಾಡಿ. ಕ್ಲೆಮ್ ಇದರ ಕೆಳಗೆ ಗೆರೆ ಎಳೆದು ಎಷ್ಟೋ ವರ್ಷಗಳಾಗಿವೆ. ಇದು ಬಂದಾಗಲೆಲ್ಲ ಅವನು ಬೆನ್ನು ತಿರುಗಿಸಿ ಚಹಾ ಬಗ್ಗಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಅವನು ಎದ್ದು ನಿಂತಿದ್ದ. ತೊಡೆಯ ಮೇಲಿದ್ದ ಡಬ್ಬಿ ಕೆಳಗೆ ಬಿದ್ದು ಸ್ಯಾಂಡ್‌ವಿಚ್ಚುಗಳು ನೆಲದ ಮೇಲೆ ಹರಡಿದ್ದವು, ವಿಲ್ಫ್ ಬಗ್ಗಿ ಆರಿಸುತ್ತಿದ್ದ. ಕ್ಲೆಮ್ ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಗೆರೆಯವರೆಗೂ ಬಂದು ಗಾಡಿಯ ಕಡೆ ಮುಖ ಮಾಡಿ ನಿಂತಿದ್ದ. ನಂಬರು ಇದ್ದದ್ದು ಗಾಡಿಯ ಮೂತಿಯ ಮೇಲೆ, ಅದು ಆಗಲೇ ಮುಂದೆ ಹೋಗಿತ್ತು. ಅವನು ಒಂದೊಂದೇ ಕಿಟಕಿ ನೋಡುತ್ತಿದ್ದ. ನನ್ನ ಕಿಟಕಿ ಬಂದಾಗ ಅವನ ಕಣ್ಣು ನಿಂತಿತು, ಗಾಡಿಯ ಜೊತೆಗೇ ಹೊರಳಿತು.

ನಾನು ಕೈ ಬೀಸಲಿಲ್ಲ. ಆದರೆ ಅವನು ಕಾಣದಾಗುವವರೆಗೂ ಕಿಟಕಿಯಿಂದ ಮುಖ ತೆಗೆಯಲಿಲ್ಲ.