ಸಂಜೆ ಹೇಳ್ತೀನಿ ಅಂದ ಮಾತು

"ಇನ್ನೊಂಚೂರು ಒಳಗೆ ತಳ್ಳಿ ಅತ್ತಿಗೆ, ಏನೂ ಮುರಿಯಲ್ಲ," ಎಂದಳು ನಾದಿನಿ.

ಅತ್ತಿಗೆ ಮೇಜಿನ ಕೆಳಗೆ ಮಂಡಿಯೂರಿ ಕಂಪ್ಯೂಟರಿನ ಹಿಂಬದಿಯನ್ನು ತಡಕುತ್ತಿದ್ದಳು. ಕೈಯಲ್ಲಿದ್ದುದು ಹೆಬ್ಬೆರಳಿನಷ್ಟೇ ಇದ್ದ ವೈಫೈ ಅಡಾಪ್ಟರು. ಕಂಪ್ಯೂಟರು ಇಷ್ಟು ದಿನ ನಡುಮನೆಯಲ್ಲಿ, ಇಂಟರ್‌ನೆಟ್ಟಿನ ಡಬ್ಬಿಗೆ ವೈರಿನಿಂದ ಅಂಟಿಕೊಂಡು ಕೂತಿತ್ತು. ಅವಳ ಗಂಡ ಮಂಚ ಬಿಟ್ಟು ಅಲ್ಲಿಗೆ ಬರುವ ಹಾಗಿರಲಿಲ್ಲವಾದ್ದರಿಂದ ಕಂಪ್ಯೂಟರನ್ನೇ ಅವನ ಕೋಣೆಗೆ ತಂದಿದ್ದರು. ವೈರು ಅಲ್ಲಿಯವರೆಗೆ ಬರಲಿಲ್ಲ. ಇದನ್ನು ಚುಚ್ಚಿದರೆ ಸಾಕು, ಮಿಕ್ಕಿದ್ದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

ಚುಚ್ಚಿದ್ದಾಯಿತು. ಕಂಪ್ಯೂಟರು ಒಮ್ಮೆ ಟಣ್ ಎಂದು ಸುಮ್ಮನಾಯಿತು. ಪರದೆಯ ಮೂಲೆಯಲ್ಲಿ ಕೆಂಪು ಗುಣಾಕಾರದ ಗುರುತು ಹಾಗೇ ಇತ್ತು.

"ಅಂಗಡಿಯವನ ಮಾತು, ಮದುವೆ ದಲ್ಲಾಳಿ ಮಾತು ಎರಡೂ ಒಂದೇ," ಎಂದು ನಾದಿನಿ ಗೊಣಗಿದಳು. "ಮನೆಗೆ ಬಂದ ಮೇಲೇ ಬಣ್ಣ ಗೊತ್ತಾಗೋದು."

ಮಂಚದ ಮೇಲಿಂದ "ಗ... ಗ..." ಎಂಬ ಸದ್ದು ಬಂತು. ಗಂಡ ಎಡಗೈ ಎತ್ತಿ ಏನನ್ನೋ ತೋರಿಸುತ್ತಿದ್ದ. ನಾದಿನಿ ನೀರು ತಂದಳು. ಬೇಡವೆಂದು ತಲೆಯಾಡಿಸಿದ. ಅತ್ತಿಗೆ ಫ್ಯಾನು ಹಾಕಿದಳು. ಅವನು ಹಾಸಿಗೆಯನ್ನು ಗುದ್ದಿ, ಮತ್ತೆ ಮತ್ತೆ ಮೇಜಿನತ್ತಲೇ ಬೆರಳು ಮಾಡಿದ. ಕೊನೆಗೆ ಅವಳು ಅಡಾಪ್ಟರಿನ ಖಾಲಿ ಪೆಟ್ಟಿಗೆಯನ್ನು ಅವನ ಕೈಗಿಟ್ಟಾಗ ಅದನ್ನು ಎದೆಗೊತ್ತಿಕೊಂಡು ಒಂದೇ ಕೈಯಲ್ಲಿ ಹರಿದ. ರಟ್ಟಿನ ಮಡಿಕೆಯಿಂದ ಸಣ್ಣದೊಂದು ಸಿ.ಡಿ. ಜಾರಿ ಹೊದಿಕೆಯ ಮೇಲೆ ಬಿತ್ತು.

"ಅಯ್ಯೋ ಅಣ್ಣಾ, ನಾವಿಬ್ರೂ ಕಣ್ಣಿದ್ದೂ ಕುರುಡರು ನೋಡು!" ಎಂದು ನಾದಿನಿ ನಕ್ಕಳು. ಅತ್ತಿಗೆಗೆ ನಗು ಬರಲಿಲ್ಲ. ಇಷ್ಟೆಲ್ಲ ಒಳಗೆ ನೆಟ್ಟಗಿದೆ, ಬಾಯಿಗೆ ಮಾತ್ರ ಬೀಗ ಬಿದ್ದಿದೆ ಎಂದುಕೊಳ್ಳುತ್ತ ಸಿ.ಡಿ.ಯನ್ನು ಎತ್ತಿಕೊಂಡಳು.

ಅವನು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವನು. ಊರಿನವರೆಲ್ಲ ಕರೆಯುತ್ತಿದ್ದುದು ಮೈಕಣ್ಣ ಎಂದೇ. ಮನೆಯಲ್ಲಿ ಮಾತ್ರ ಮಾತು ಕಡಿಮೆ. ಗಂಟಲನ್ನು ಕೆಲಸಕ್ಕೆಂದು ಎತ್ತಿಟ್ಟವನ ಹಾಗೆ. ಅಂಥವನು ಒಂದು ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ, "ನಿನಗೊಂದು ಮಾತು ಹೇಳೋದಿದೆ. ಈಗ ಬೇಡ, ಸಂಜೆ ಬಂದು ಸಮಾಧಾನವಾಗಿ ಹೇಳ್ತೀನಿ," ಎಂದಿದ್ದ. ಒಲೆಯ ಕಡೆ ಮುಖ ಮಾಡಿದ್ದ ಅವಳು ತಿರುಗದೆಯೇ "ಹೂಂ" ಎಂದಿದ್ದಳು. ಮಧ್ಯಾಹ್ನ ಮೈಕಿನ ಮುಂದೆಯೇ ಕುಸಿದ. ಪ್ರಾಣ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು.

ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಅವನ ಮುಖ ತೊಳೆಸಿ ಅವಳು ಕೇಳುತ್ತಿದ್ದಳು: "ಏನ್ರೀ ಅದು, ಆವತ್ತು ಹೇಳ್ಬೇಕು ಅಂದಿದ್ದು?" ಅವನು ಬಾಯಿ ತೆರೆಯುತ್ತಿದ್ದ. ಕತ್ತಿನ ನರಗಳು ಉಬ್ಬುತ್ತಿದ್ದವು, ಕಣ್ಣು ತುಂಬುತ್ತಿತ್ತು. "ಬಿಡಿ ಬಿಡಿ," ಎಂದು ಸಮಾಧಾನ ಮಾಡುತ್ತಿದ್ದಳು. ಮಾರನೇ ದಿನ ಮತ್ತೆ ಅದೇ ಪ್ರಶ್ನೆ. ಮಾತು ಕಲಿಸುವ ಟೀಚರೊಬ್ಬರು ದೂರದ ಊರಿನಿಂದ ಕಂಪ್ಯೂಟರಿನಲ್ಲೇ ಪಾಠ ಮಾಡುತ್ತಾರೆಂದು ಡಾಕ್ಟರು ಹೇಳಿದಾಗ, ಮುಳುಗುವವಳ ಕೈಗೆ ಹಗ್ಗ ಸಿಕ್ಕಂತಾಗಿತ್ತು.

ಸಿ.ಡಿ.ಯಲ್ಲಿದ್ದ ಸಾಫ್ಟ್‌ವೇರ್ ಹಾಕಿದ ಮೇಲೆ ಅಡಾಪ್ಟರಿನಲ್ಲಿ ಹಸಿರು ದೀಪ ಮಿನುಗಿತು. ಪರದೆಯ ಮೇಲೆ ನೆರೆಹೊರೆಯ ವೈಫೈಗಳೆಲ್ಲ ಸಾಲುಗಟ್ಟಿದವು. ತಮ್ಮದನ್ನು ಹುಡುಕಿ ಪಾಸ್‌ವರ್ಡ್ ಹಾಕಿದರೂ ಗೋಡೆ ಅಡ್ಡವಾಗಿ ಸಿಗ್ನಲ್ಲು ಬಂದು ಬಂದು ಹೋಗುತ್ತಿತ್ತು. ಮೇಜನ್ನು ಬಾಗಿಲ ಬಳಿಗೆ ಎಳೆದು ಮಂಚವನ್ನೂ ತಿರುಗಿಸಿದ ಮೇಲೆ ಅದು ಸ್ಥಿರವಾಗಿ ನಿಂತಿತು. ನಾದಿನಿ ಅಡುಗೆ ಕೆಲಸವಿದೆಯೆಂದು ಕೆಳಗಿನ ತನ್ನ ಮನೆಗೆ ಹೋದಳು.

ಪರದೆಯಲ್ಲಿ ಕಾಣಿಸಿಕೊಂಡ ಟೀಚರು ಚಿಕ್ಕ ವಯಸ್ಸಿನ ಹೆಂಗಸು. ಒಂದೊಂದೇ ಚಿತ್ರ ತೋರಿಸಿದರು. ಮರ. ಬೀಗದ ಕೈ. ಬೆಕ್ಕು. ಅವನಿಗೆ "ಗ" ಬಿಟ್ಟು ಬೇರೇನೂ ಬರಲಿಲ್ಲ. ಬೆವರಿದ. ಟೀಚರು ಚಿತ್ರಗಳನ್ನು ಬದಿಗಿಟ್ಟರು.

"ಇವರಿಗೆ ಏನು ಕೆಲಸ ಇತ್ತಮ್ಮ?"

ಅವಳು ಹೇಳಿದಳು. ಟೀಚರು ಸ್ವಲ್ಪ ಯೋಚಿಸಿ, ಪರದೆಯ ಹತ್ತಿರ ಬಾಗಿ, ಮೆಲ್ಲಗೆ ಎಳೆದು ಅಂದರು: "ಪ್ರಯಾಣಿಕರ..."

"...ಗಮನಕ್ಕೆ," ಎಂದ ಅವನು. "ಮೂರನೇ ಪ್ಲಾಟ್‌ಫಾರಮ್ಮಿಗೆ ಬರಬೇಕಾಗಿದ್ದ ರೈಲು ತಡವಾಗಿ ಬರುತ್ತಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಒಂದಕ್ಷರ ತೊದಲದೆ, ಅದೇ ತುಂಬು ದನಿಯಲ್ಲಿ. ಕೆಳಗಿನಿಂದ ನಾದಿನಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿ ಬಂದಳು. "ಅಣ್ಣ ಮಾತಾಡಿದ! ಅತ್ತಿಗೆ, ಅಣ್ಣ ಮಾತಾಡಿದ!" ಎಂದು ಅವನ ತಲೆ ತಬ್ಬಿಕೊಂಡು ಅತ್ತಳು. ಅವನು ಇಬ್ಬರನ್ನೂ ಗಾಬರಿಯಿಂದ ನೋಡಿದ. ಏನೋ ಹೇಳಹೊರಟ. "ಗ..." ಎಂದ.

ಟೀಚರು ನಗುತ್ತಿರಲಿಲ್ಲ. "ಅಮ್ಮಾ, ಸ್ವಲ್ಪ ಈ ಕಡೆ ಬರ್ತೀರಾ?" ಎಂದರು. ಗಂಡನಿಗೆ ಕೇಳಿಸದ ಹಾಗೆ ಅವಳು ಹೆಡ್‌ಫೋನು ಹಾಕಿಕೊಂಡಳು. "ಬೇಜಾರು ಮಾಡ್ಕೋಬೇಡಿ. ಇದು ಮಾತಲ್ಲ. ಸಾವಿರ ಸಲ ಹೇಳಿ ಹೇಳಿ ನಾಲಿಗೆಗೆ ಬಾಯಿಪಾಠ ಆಗಿರೋದು. ಹಾಡು ಬರೋ ಹಾಗೆ ಬರುತ್ತೆ. ಮೆದುಳಲ್ಲಿ ತಮ್ಮ ಮನಸ್ಸಿನದು ಹೇಳೋ ದಾರಿನೇ ಬೇರೆ. ಅದು ತುಂಬಾ ಕೆಟ್ಟಿದೆ."

"ಸರಿಹೋಗಲ್ವಾ?"

"ಒಂದೊಂದು ಪದ ಬರಬಹುದು. ನೀರು, ಊಟ, ನೋವು... ಅಷ್ಟು."

ಅವಳು ಗಂಡನಿಗೆ ಬೆನ್ನು ಮಾಡಿ, ದನಿ ತಗ್ಗಿಸಿ ಕೇಳಿದಳು: "ಅವರು ನನಗೇನೋ ಹೇಳೋದಿತ್ತು. ಆವತ್ತು ಸಂಜೆ. ಅದು?"

ಸಿಗ್ನಲ್ಲು ಹೋಯಿತೇನೋ ಎಂದು ಅವಳು ಪರದೆ ನೋಡಿದಳು. ಇಲ್ಲ, ಟೀಚರು ರೆಪ್ಪೆ ಬಡಿಯುತ್ತಿದ್ದರು.

"ಅದನ್ನ ಕೇಳ್ತಾ ಇದ್ದೀರಾ?"

"ದಿನಾ."

"ಇನ್ನು ಕೇಳಬೇಡಿ ಅಮ್ಮ. ನೀವು ಕೇಳಿದಷ್ಟೂ ಅವರು ಸೋತ ಹಾಗಾಗುತ್ತೆ. ನೀವೇ ಮಾತಾಡಿ, ಸಣ್ಣ ಸಣ್ಣ ಪದ. ಅವರು ನಿಮ್ಮ ತುಟಿ ನೋಡ್ಲಿ."

ಪಾಠ ಮುಗಿಯಿತು. ನಾದಿನಿ ಕಣ್ಣೊರೆಸಿಕೊಂಡು ಫೋನು ಹಿಡಿದು, ಅಣ್ಣ ಮಾತಾಡಿದ ಸುದ್ದಿಯನ್ನು ಯಾರಿಗೋ ಹೇಳುತ್ತ ಕೆಳಗಿಳಿದಳು. ಅವಳನ್ನು ತಡೆಯುವ ಮನಸ್ಸು ಅತ್ತಿಗೆಗೆ ಬರಲಿಲ್ಲ.

ಮಾರನೇ ಬೆಳಿಗ್ಗೆ ಗಂಡನ ಮುಖ ತೊಳೆಸಿ ಟವೆಲು ಮಡಚಿಟ್ಟಳು. ಅವನು ಅಭ್ಯಾಸದಂತೆ ಆಗಲೇ ಕತ್ತು ಬಿಗಿಹಿಡಿದು ಪ್ರಶ್ನೆಗೆ ಕಾದಿದ್ದ. ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೆ ಬಂತು. ಅವಳು ಎದ್ದು ಹೋಗಿ ಕಿಟಕಿಯ ಕದ ತೆರೆದಳು.

"ಕಿಟಕಿ," ಎಂದಳು.

ಅವನು ಕಿಟಕಿಯನ್ನು ನೋಡಲಿಲ್ಲ. ಬಿಗಿದ ಕತ್ತು ನಿಧಾನವಾಗಿ ಸಡಿಲವಾಯಿತು. ಅವಳು ಪಕ್ಕಕ್ಕೆ ಬಂದು ಕೂತು ಮತ್ತೊಮ್ಮೆ ಹೇಳಿದಳು. ಅವನು ಅವಳ ತುಟಿಯ ಮೇಲೆ ಕಣ್ಣು ನೆಟ್ಟಿದ್ದ; ಸದ್ದಿಲ್ಲದೆ, ಅವನ ತುಟಿಯ ಎಡಬದಿಯಷ್ಟೇ ಅವಳ ಹಿಂದೆ ಹಿಂದೆ ಅಲುಗುತ್ತಿತ್ತು.